ಬನ್ನಿಗೂ ಬಾಗೂ ನಡುವೆ ಒಂದು ಕೌಂಟರ್

ಕನ್ನಡದಲ್ಲಿ ಹೋಟೆಲ್ ನಡೆಸೋದು ಕಷ್ಟದ ಕೆಲಸ. ಅಕ್ಕಿ, ಬೇಳೆ, ಸಿಲಿಂಡರ್ ರೇಟಿನ ಮಾತಲ್ಲ ಇದು. ಗಿರಾಕಿ ಹೊಸ್ತಿಲು ದಾಟಿದ ಕೂಡಲೇ ಮಾಲೀಕ ಬಾಯಿ ಬಿಡಬೇಕಲ್ಲ, ಆಗ ‘ಬನ್ನಿ’ ಅನ್ನಬೇಕೋ ‘ಬಾ’ ಅನ್ನಬೇಕೋ? ಇವೆರಡರ ನಡುವೆ ನಮ್ಮ ಭಾಷೆಯಲ್ಲಿ ಮೂರನೆಯದು ಸಿಗೋದಿಲ್ಲ. ಬಂದವನು ಯಾರು, ಯಾವ ಮನೆಯವನು, ಎಷ್ಟು ತೋಟ, ಎಷ್ಟು ವಯಸ್ಸು, ಇಷ್ಟನ್ನೂ ಅರೆಕ್ಷಣದಲ್ಲಿ ಲೆಕ್ಕ ಹಾಕಿ, ಆಮೇಲೆ ಕಾಫಿ ಕೊಡಬೇಕು.

ನಮ್ಮ ಜಯಪುರದ ಕಡೆಯವರು ಈ ಲೆಕ್ಕದಲ್ಲಿ ಪಳಗಿದ ಜನ. ಜಯಪುರ ಅಂದರೆ ರಾಜಸ್ಥಾನದ್ದೂ ಅಲ್ಲ, ಮೈಸೂರಿನ ಹತ್ತಿರದ್ದೂ ಅಲ್ಲ. ಕೊಪ್ಪ ತಾಲ್ಲೂಕಿನದು, ಬಾಳೆಹೊನ್ನೂರಿನಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ ಸಿಗುವ ಸಣ್ಣ ಪೇಟೆ. ಸುತ್ತ ಅಡಿಕೆ, ಕಾಫಿ, ಕಾಳುಮೆಣಸು. ತೋಟದ ಒಡೆಯರೂ ತೋಟದ ಆಳುಗಳೂ ಅದೇ ಪೇಟೆಗೆ ಬರಬೇಕು, ಅದೇ ಬಸ್ಸಿಗೆ ಕಾಯಬೇಕು. ನಾನು ಚಿಕ್ಕವನಿದ್ದಾಗ ಹೋಗುತ್ತಿದ್ದ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂತವರ ಧ್ವನಿ ಗಿರಾಕಿಗೆ ತಕ್ಕ ಹಾಗೆ ಬದಲಾಗುತ್ತಿತ್ತು. “ಬನ್ನಿ ಭಟ್ರೆ, ಕೂತ್ಕಳಿ, ಎಂತ ಕೊಡ್ಲಿ?” ಅಂತ ಒಬ್ಬರಿಗೆ. “ಗೌಡ್ರು ಈ ಕಡೆ ಬರದೆ ಎಷ್ಟು ದಿನ ಆಯ್ತು ಮಾರ್ರೆ!” ಅಂತ ಇನ್ನೊಬ್ಬರಿಗೆ. ಗೊಬ್ಬರದ ಮೂಟೆ ಇಳಿಸಿ ಬಂದವನಿಗೆ ಮಾತ್ರ “ಏನಾ, ಎಂತ ಬೇಕು ನಿಂಗೆ?” ಅವನು ಒಳಗೆ ಕೂರಬಾರದು ಅಂತ ಯಾರೂ ಬೋರ್ಡು ಹಾಕಿರಲಿಲ್ಲ. ಆದರೂ ಅವನು ಹೊರಗಿನ ಬೆಂಚಿನ ಮೇಲೇ ಕೂರುತ್ತಿದ್ದ. ಆ ‘ಏನಾ’ದಲ್ಲೇ ಬೋರ್ಡು ಇತ್ತು.

ಬೆಂಗಳೂರಿಗೆ ಬಂದು ಸೇರಿದ ನಮ್ಮಂಥವರು ಊರ ಹೋಟೆಲಿನ ಬಗ್ಗೆ ಬರೆಯುವ ಬರಹಗಳಿಗೆಲ್ಲ ಒಂದೇ ಅಚ್ಚು. ಅಲ್ಲಿ ಹೆಸರು ಹಿಡಿದು ಮಾತಾಡಿಸ್ತಿದ್ರು, ನಮ್ಮ ಕಾಫಿಗೆ ಸಕ್ಕರೆ ಎಷ್ಟು ಅಂತ ಕೇಳದೇ ಗೊತ್ತಿತ್ತು, ಇಲ್ಲಿ ಮಾಲಿನಲ್ಲಿ ಗಿಳಿಪಾಠ ಒಪ್ಪಿಸೋ ಹುಡುಗರು, ಮುಖ ನೋಡೋದಿಲ್ಲ, ನಗು ಕೂಡ ಕಂಪನಿಯದು, ಇತ್ಯಾದಿ. ಓದೋಕೆ ಹಿತವಾಗಿರುತ್ತೆ. ಆದರೆ ಇದನ್ನು ಬರೆಯುವವರು ಯಾವತ್ತೂ ಒಳಗೆ ಕೂತವರು, ಹೊರಗಿನ ಬೆಂಚಿನವರಲ್ಲ. ಬೆಂಚಿನವನ ಹೆಸರೂ ಮಾಲೀಕರಿಗೆ ಗೊತ್ತಿತ್ತು. ಅವನ ಅಪ್ಪನ ಹೆಸರು, ಯಾರ ಹತ್ತಿರ ಎಷ್ಟು ಸಾಲ, ಎಲ್ಲ ಗೊತ್ತಿತ್ತು. ಗುರುತು ಹಿಡಿಯೋದು ಅಂದರೆ ಜಾಗ ತೋರಿಸೋದೂ ಹೌದು.

ನಮ್ಮ ಸಂವಿಧಾನ ಬರೆದವರಿಗೆ ಇದು ಚೆನ್ನಾಗಿ ತಿಳಿದಿತ್ತು. 15(2)ನೇ ವಿಧಿಯನ್ನು ಒಮ್ಮೆ ತೆಗೆದು ನೋಡಿ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು, ಇವುಗಳ ಕಾರಣಕ್ಕೆ ಯಾವ ಪ್ರಜೆಯನ್ನೂ ಅಂಗಡಿ, ಉಪಾಹಾರಗೃಹ, ಹೋಟೆಲುಗಳಿಂದ ದೂರ ಇಡುವ ಹಾಗಿಲ್ಲ. ಅಷ್ಟು ದೊಡ್ಡ ಗ್ರಂಥದಲ್ಲಿ, ಅದೂ ಮೂಲಭೂತ ಹಕ್ಕುಗಳ ಭಾಗದಲ್ಲಿ, ಹೋಟೆಲಿಗೆ ಯಾಕೆ ಜಾಗ ಸಿಕ್ಕಿತು? ಒಬ್ಬ ಮನುಷ್ಯ ಇನ್ನೊಬ್ಬನನ್ನು ದಿನಾ ಬೆಳಗ್ಗೆ ವಿಂಗಡಿಸಿ ಇಡುವ ಜಾಗಗಳಲ್ಲಿ ಅದೂ ಒಂದು, ಅದಕ್ಕೆ. ಕಾನೂನು ಬಾಗಿಲು ತೆಗೆಸಿತು. ‘ಏನಾ’ ಅನ್ನುವುದನ್ನು ನಿಲ್ಲಿಸುವ ಶಕ್ತಿ ಅದಕ್ಕಿರಲಿಲ್ಲ.

ಅದನ್ನು ಸ್ವಲ್ಪ ಮಟ್ಟಿಗೆ ನಿಲ್ಲಿಸಿದ್ದು ಬೇರೆ ಥರದ ಹೋಟೆಲು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಯಿತು. ದುಡ್ಡು ಕೊಡು, ಚೀಟಿ ತಗೋ, ತಿಂಡಿ ಪಡೆ, ನಿಂತು ತಿನ್ನು. ಬೆಂಚೇ ಇಲ್ಲದ ಮೇಲೆ ಒಳಗಿನ ಬೆಂಚು, ಹೊರಗಿನ ಬೆಂಚು ಎಲ್ಲಿಂದ ಬರಬೇಕು! ಆಮೇಲೆ ‘ದರ್ಶಿನಿ’ ಅನ್ನುವ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಂಡರು. ಕರಾರುಪತ್ರ ಇಲ್ಲದ ಫ್ರಾಂಚೈಸಿ ಅನ್ನಿ. ಮುಂದೆ ಕರಾರುಪತ್ರ ಇರುವವರೂ ಬಂದರು. 1995ರಲ್ಲಿ ಬ್ರಿಗೇಡ್ ರಸ್ತೆಯಲ್ಲಿ ಕೆಎಫ್‌ಸಿ ತೆರೆಯಿತು. 1996ರ ಜನವರಿ 30ರಂದು ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘದವರು ಅದಕ್ಕೆ ನುಗ್ಗಿದರು. ಅದೇ ವರ್ಷ ಅದೇ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಶುರುವಾಯಿತು, ನಮ್ಮ ಜಿಲ್ಲೆಯವರದ್ದೇ. ಆಗಿನ ಚರ್ಚೆಯೆಲ್ಲ ಕೋಳಿ, ಬಿತ್ತನೆ ಬೀಜ, ಬಹುರಾಷ್ಟ್ರೀಯ ಕಂಪನಿ, ಸಂಸ್ಕೃತಿ ಇವುಗಳ ಸುತ್ತ. ಬೇಕಾದ ಚರ್ಚೆಯೇ. ಆದರೆ ಕೌಂಟರಿನ ಆಚೆ ನಿಂತವರು ಈಚೆಯವರನ್ನು ಹೇಗೆ ಮಾತಾಡಿಸ್ತಾರೆ ಅನ್ನೋದು ನಾನು ಓದಿದ್ದರಲ್ಲೆಲ್ಲೂ ಬರಲಿಲ್ಲ.

ಅದು ನನಗೆ ಗೊತ್ತಾಗಿದ್ದು ಕೌಂಟರಿನ ಆಚೆ ನಿಂತ ಮೇಲೆ. ಡಿಗ್ರಿ ಓದುವಾಗ ಬೆಂಗಳೂರಿನಲ್ಲಿ ಒಂದು ಫ್ರಾಂಚೈಸಿ ರೆಸ್ಟೊರೆಂಟಿನಲ್ಲಿ ಪಾರ್ಟ್ ಟೈಮ್ ಕೆಲಸ ಮಾಡ್ತಿದ್ದೆ. ಮೊದಲ ವಾರ ಪೂರ್ತಿ ಮಾತು ಕಲಿಸಿದರು. ಬಂದವರ ಕಣ್ಣು ನೋಡಿ ‘ಹಾಯ್ ಸರ್’ ಅಥವಾ ‘ಹಾಯ್ ಮ್ಯಾಮ್’. ಆರ್ಡರ್ ಕೇಳು. ಜೊತೆಗೆ ಏನಾದರೂ ತಗೊಳ್ಳಿ ಅಂತ ಹೇಳು. ದೊಡ್ಡ ಸೈಜ್ ಮಾಡ್ಲಾ ಅಂತ ಕೇಳು. ಆರ್ಡರ್ ಓದಿ ಹೇಳು. ಥ್ಯಾಂಕ್ಸ್ ಹೇಳು. ಗಿರಾಕಿಯ ವೇಷದಲ್ಲಿ ಕಂಪನಿಯವರೇ ಕಳಿಸಿದ ಪರೀಕ್ಷಕರು ಯಾವಾಗ ಬೇಕಾದರೂ ಬರಬಹುದು; ಒಂದು ಸಾಲು ಬಿಟ್ಟರೂ ಮಾರ್ಕ್ಸ್ ಕಟ್.

ಒಂದು ಭಾನುವಾರ ಒಬ್ಬ ಮೇಸ್ತ್ರಿ ಮಗಳನ್ನು ಕರಕೊಂಡು ಬಂದ. ಉಗುರಿನ ಸಂದಿಯಲ್ಲಿ ಸಿಮೆಂಟು ಇನ್ನೂ ಇತ್ತು. ಮಗಳ ಹುಟ್ಟುಹಬ್ಬ. ನಾನು ‘ಹಾಯ್ ಸರ್’ ಅಂದೆ. ಆತ ಹಿಂದೆ ತಿರುಗಿ ನೋಡಿದ, ಯಾರಿಗೆ ಅಂತ.

ಗಿಳಿಪಾಠ ಅಂತ ನಾವು ಗೇಲಿ ಮಾಡ್ತೀವಲ್ಲ, ಅದರ ಬೆಲೆ ಏನು ಅಂತ ಆ ತಿರುಗಿ ನೋಡಿದ ಕತ್ತಿನಿಂದ ಕಲಿಯಬೇಕು. ಕಂಪನಿಗೆ ಸಮಾನತೆಯ ಮೇಲೆ ಪ್ರೀತಿ ಉಕ್ಕಿ ಬಂದು ಇದನ್ನು ಮಾಡಿದ್ದಲ್ಲ ಬಿಡಿ. ಯಾರನ್ನೂ ಅಳೆಯದೆ ಮಾತಾಡಿದರೆ ಕೆಲಸ ಬೇಗ ಆಗುತ್ತೆ, ಅಷ್ಟೇ. ಆದರೂ ಫಲ ಫಲವೇ. ‘ಸರ್’ ಅನ್ನುವ ಆ ಪರದೇಶಿ ಪದ ‘ಬನ್ನಿ’ ಮತ್ತು ‘ಬಾ’ ನಡುವೆ ನಮ್ಮಲ್ಲಿ ಇಲ್ಲದ ಮೂರನೆಯದನ್ನು ತಂದು ಇಟ್ಟಿತು.

ಮುಂದಿನದೂ ಕೇಳಿ. ಮೆನು ತಲೆ ಮೇಲೆ, ಪೂರ್ತಿ ಇಂಗ್ಲಿಷಿನಲ್ಲಿ. ಮೇಸ್ತ್ರಿ ಕೇಳಿದ್ದು ಒಂದೇ ಪ್ರಶ್ನೆ: “ಇದರಲ್ಲಿ ಯಾವುದು ಕಮ್ಮಿ ಸಾರ್?” ಪಾಠದ ಪ್ರಕಾರ ನಾನು ದೊಡ್ಡ ಸೈಜ್ ಮಾಡ್ಲಾ ಅಂತ ಕೇಳಬೇಕು. ನಾನು ಒಂದೊಂದೇ ಚಿತ್ರ ತೋರಿಸಿ ಕನ್ನಡದಲ್ಲಿ ರೇಟು ಹೇಳಿದೆ, ತೆರಿಗೆ ಸೇರಿ ಎಷ್ಟಾಗುತ್ತೆ ಅಂತಲೂ ಹೇಳಿದೆ. ಹಿಂದೆ ಕ್ಯೂ ಬೆಳೆಯಿತು. ಸಂಜೆ ಮ್ಯಾನೇಜರು ಸಮಯದ ಪಟ್ಟಿ ಹಿಡಿದು ಬೈದರು: “ಒಬ್ಬೊಬ್ಬರಿಗೆ ಒಂದೊಂದು ಥರ ಮಾಡೋಕೆ ಸಿಸ್ಟಮ್ ಬಿಡಲ್ಲ.”

ಇದು ಪೊಳ್ಳು ಮಾತು. ಸಿಸ್ಟಮ್ ಬಿಡುತ್ತೆ, ಬಿಡಬೇಕು ಅನ್ನಿಸಿದಾಗ. 1996ರಲ್ಲಿ ಮೆಕ್‌ಡೊನಾಲ್ಡ್ಸ್ ಭಾರತಕ್ಕೆ ಬಂದಾಗ ದನದ ಮಾಂಸವನ್ನೇ ಕೈಬಿಟ್ಟಿತು. ಸಸ್ಯಾಹಾರ ಮತ್ತು ಮಾಂಸಾಹಾರಕ್ಕೆ ಅಡುಗೆಮನೆಯಲ್ಲಿ ಬೇರೆ ಬೇರೆ ಜಾಗ ಮಾಡಿತು. ಮೊಟ್ಟೆ ಹಾಕದ ಮಯೊನೀಸ್ ತಂದಿತು, ಬರ್ಗರಿನೊಳಗೆ ಆಲೂ ಟಿಕ್ಕಿ ಇಟ್ಟಿತು. ಜಗತ್ತಿನಾದ್ಯಂತ ಒಂದೇ ರುಚಿ ಅಂತ ಹೆಸರು ಮಾಡಿದ ಕಂಪನಿ ಇಲ್ಲಿನ ಗಿರಾಕಿಗಾಗಿ ಅಡುಗೆಮನೆಯನ್ನೇ ಎರಡು ಮಾಡಿತು. ಅಂದಮೇಲೆ ಇಂಗ್ಲಿಷ್ ಓದೋಕೆ ಬರದವನಿಗೆ ಎರಡು ನಿಮಿಷ ಹೆಚ್ಚು ಕೊಡೋಕೆ, ಕನ್ನಡದಲ್ಲಿ ಒಂದು ಮೆನು ಕಾರ್ಡು ಇಡೋಕೆ ಯಾವ ಸಿಸ್ಟಮ್ ಅಡ್ಡ ಬರುತ್ತೆ? ಯಾವ ಗಿರಾಕಿ ಲೆಕ್ಕಕ್ಕೆ ಬರ್ತಾನೆ ಅನ್ನೋದಷ್ಟೇ ಅಡ್ಡ ಬರೋದು.

ಲೆಕ್ಕಕ್ಕೇ ಬಾರದವರೂ ಇದ್ದರು. ವಾರಾಂತ್ಯಕ್ಕೆ ಬರುವ ಸಂಸಾರಗಳ ಜೊತೆ ಮಗುವನ್ನು ಎತ್ತಿಕೊಂಡು ಒಬ್ಬ ಕೆಲಸದ ಹುಡುಗಿ ಬರುತ್ತಿದ್ದಳು. ಎಷ್ಟೋ ಸಲ ನಾಲ್ಕು ಜನರಿಗೆ ಮೂರೇ ಊಟ. ಆ ಹುಡುಗಿ ಪಕ್ಕದ ಟೇಬಲ್ಲಿನಲ್ಲಿ ಮಗುವಿಗೆ ತಿನ್ನಿಸುತ್ತಾ ಕೂತಿರುತ್ತಿದ್ದಳು. ಅವಳಿಗೆ ‘ಹಾಯ್ ಮ್ಯಾಮ್’ ಹೇಳಬೇಕೋ ಬೇಡವೋ ಅಂತ ನಮ್ಮ ಪಾಠದಲ್ಲಿ ಇರಲಿಲ್ಲ, ಯಾಕೆಂದರೆ ಆರ್ಡರ್ ಮಾಡುವವರೇ ಗಿರಾಕಿ. ಈಗ ಪಾರ್ಸೆಲ್ಲಿಗೆ ಬರುವ ಡೆಲಿವರಿ ಹುಡುಗರ ಕಥೆಯೂ ಅದೇ. ಒಳಗೆ ಎಸಿ, ಕುರ್ಚಿ ಖಾಲಿ, ಅವರು ಬಾಗಿಲಾಚೆ ಹೆಲ್ಮೆಟ್ ಹಿಡಿದು ನಿಂತಿರ್ತಾರೆ. ನೀವೇ ನೋಡಿರ್ತೀರಿ. ಹೊರಗಿನ ಬೆಂಚು ಊರಲ್ಲೇ ಉಳಿಯಿತು ಅಂದುಕೊಂಡಿದ್ದೆ. ಬೆಂಚು ಹೋಯಿತು, ಹೊರಗು ಉಳಿಯಿತು.

ಇನ್ನು ಆ ‘ಬಾ’ ಎಲ್ಲಿ ಹೋಯಿತು? ಕೌಂಟರ್ ದಾಟಿ ಈಚೆಯಿಂದ ಆಚೆಗೆ ಹೋಯಿತು. ಎದೆ ಮೇಲೆ ಹೆಸರಿನ ಬ್ಯಾಡ್ಜು ಇರುತ್ತಲ್ಲ, ಅದನ್ನು ಓದಿ “ಏಯ್, ಟಿಶ್ಯೂ ಕೊಡು” ಅನ್ನುತ್ತಿದ್ದವರು ಯಾರು? ನನಗಿಂತ ಎರಡೋ ಮೂರೋ ವರ್ಷ ದೊಡ್ಡವರು, ಕೊರಳಲ್ಲಿ ಕಂಪನಿಯ ಐಡಿ ಕಾರ್ಡು. ಮೇಸ್ತ್ರಿ ನನಗೆ ‘ಸಾರ್’ ಅಂದಿದ್ದ. ಹಳೆಯ ಹೋಟೆಲಿನಲ್ಲೂ ಬಡಿಸುವವನು ಎಲ್ಲರಿಗೂ ‘ಏ ಮಾಣಿ’ಯೇ, ಅದರಲ್ಲಿ ಹೊಸತೇನಿಲ್ಲ. ಹೊಸತು ಅಂದರೆ, ಆ ಮಾಣಿ ಸಿಟ್ಟು ಬಂದರೆ ಲೋಟ ಕುಕ್ಕಬಹುದಿತ್ತು. ನಮಗೆ ನಗಲೇಬೇಕು, ನಗು ಡ್ಯೂಟಿಯಲ್ಲಿ ಸೇರಿದೆ. ಆರ್ಲಿ ಹಾಕ್‌ಶೀಲ್ಡ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞೆ 1983ರಲ್ಲಿ, ನಮ್ಮ ದರ್ಶಿನಿ ಹುಟ್ಟಿದ ವರ್ಷವೇ, ವಿಮಾನದ ಪರಿಚಾರಿಕೆಯರ ಬಗ್ಗೆ ಒಂದು ಪುಸ್ತಕ ಬರೆದರು. ಮೈಯ ಕೆಲಸ, ತಲೆಯ ಕೆಲಸ ಇದ್ದ ಹಾಗೆ ಭಾವನೆಯನ್ನು ಹದದಲ್ಲಿ ಇಟ್ಟುಕೊಳ್ಳುವುದೂ ಒಂದು ದುಡಿಮೆ, ಕಂಪನಿ ಅದನ್ನು ಕೊಂಡುಕೊಳ್ಳುತ್ತದೆ ಅನ್ನುವುದು ಅವರ ವಾದ. ಅದೇ ಪುಸ್ತಕದಲ್ಲಿ ಸಾಲ ವಸೂಲಿಯವರೂ ಇದ್ದಾರೆ. ಅವರಿಗೆ ನಗುವಿನ ಬದಲು ಗದರುವುದೇ ಡ್ಯೂಟಿ. ಕಸ್ಟಮರ್ ಎಂಪಥಿ ಅಂತ ಆಫೀಸಿನಲ್ಲಿ ದಿನಾ ಸ್ಲೈಡು ಮಾಡುವ ನಮಗೆ ಇದು ಹೊಸ ವಿಷಯ ಆಗಬಾರದು.

ಹಾಗಾದರೆ ನನ್ನ ತಕರಾರು ಯಾರ ಮೇಲೆ? ಪಾಠದ ಮೇಲಂತೂ ಅಲ್ಲ. ಪಾಠ ಇರಲಿ. ಯಾರಿಗೂ ಇದಕ್ಕಿಂತ ಕಡಿಮೆ ಮರ್ಯಾದೆ ಕೊಡಬೇಡ ಅನ್ನುವುದು ಅದರ ಕೆಲಸ, ಆ ಕೆಲಸವನ್ನು ಅದು ಊರ ಪ್ರೀತಿಗಿಂತ ಚೆನ್ನಾಗಿ ಮಾಡುತ್ತೆ. ಯಾರಿಗೂ ಇದಕ್ಕಿಂತ ಹೆಚ್ಚು ಹೊತ್ತು ಕೊಡಬೇಡ ಅಂತ ಅದು ಹೇಳಿದಾಗ ಮಾತ್ರ ನನ್ನ ತಕರಾರು. ಇದರ ಜೊತೆ ಇನ್ನೊಂದು: ಪಾಠ ಆಚೆಯವರಿಗೆ ಮಾತ್ರ ಇದೆ. ಈಚೆಯವರಿಗೆ ಯಾರೂ ಕಲಿಸಿಲ್ಲ, ಪರೀಕ್ಷಕರೂ ಬರೋದಿಲ್ಲ, ಬದಲಿಗೆ ಸ್ಟಾರ್ ಕೊಡುವ ಅಧಿಕಾರ ಸಿಕ್ಕಿದೆ.

ಈಗ ಕೆಲವು ಕಡೆ ಮಷೀನು ನಿಲ್ಲಿಸಿದ್ದಾರೆ, ಬೆರಳಲ್ಲಿ ಒತ್ತಿ ಆರ್ಡರ್ ಮಾಡಬೇಕು. ಅದಕ್ಕೆ ಬನ್ನಿಯೂ ಗೊತ್ತಿಲ್ಲ, ಬಾ ಕೂಡ ಗೊತ್ತಿಲ್ಲ. ಮಾತಿನ ತಂಟೆಯೇ ಬೇಡ ಅಂತ ನಮ್ಮಲ್ಲಿ ಎಷ್ಟೋ ಜನಕ್ಕೆ ಖುಷಿ. ಮೇಸ್ತ್ರಿಯಂಥವರು ಅದರ ಮುಂದೆ ನಿಂತು ಯಾವುದು ಕಮ್ಮಿ ಅಂತ ಯಾರನ್ನು ಕೇಳಬೇಕು? ಪಕ್ಕದಲ್ಲಿ ಕ್ಯೂನಲ್ಲಿ ನಿಂತಿರೋದು ನೀವು, ನಾನು. ಕೇಳಿದರೆ ‘ಬನ್ನಿ, ತೋರಿಸ್ತೀನಿ’ ಅನ್ನಿ. ಬಹುವಚನದಲ್ಲೇ ಅನ್ನಿ.