ವಿಗ್ರಹದ ಕಣ್ಣು ಯಾರದ್ದು?

1978ರಲ್ಲಿ ಅಮೆರಿಕದಲ್ಲಿ ಬಂದ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಎಂಬ ಪುಸ್ತಕದ ಮುಖಪುಟವನ್ನು ಈ ಆಟ ಆಡದವರೂ ಎಲ್ಲೋ ನೋಡಿರುತ್ತಾರೆ. ಚಿತ್ರ ಡೇವಿಡ್ ಟ್ರ್ಯಾಂಪಿಯರ್ ಅವರದು. ರಾಕ್ಷಸಾಕಾರದ ದೊಡ್ಡ ವಿಗ್ರಹವೊಂದು ಕೂತಿದೆ. ಇಬ್ಬರು ಅದರ ಮುಖದವರೆಗೆ ಹತ್ತಿ ಕಣ್ಣಿನ ರತ್ನವನ್ನು ಮೀಟಿ ತೆಗೆಯುತ್ತಿದ್ದಾರೆ. ಕೆಳಗೆ ಹಲ್ಲಿಯಂಥ ಜೀವಿಗಳ ಹೆಣಗಳು, ಕತ್ತಿಯ ರಕ್ತ ಒರೆಸಿಕೊಳ್ಳುತ್ತಿರುವ ಯೋಧ, ನಕ್ಷೆ ಹಿಡಿದು ಮಾತಾಡುತ್ತಿರುವ ಉಳಿದವರು. ಕಾದಾಟ ಮುಗಿದಿದೆ, ಈಗ ಎಲ್ಲರೂ ಕೆಲಸದಲ್ಲಿದ್ದಾರೆ. ಕಲಾವಿದ ಕಾದಾಟವನ್ನು ಬಿಟ್ಟು ಅದರ ಮರುಗಳಿಗೆಯನ್ನು ಆರಿಸಿಕೊಂಡದ್ದರಿಂದಲೇ ಈ ಚಿತ್ರ ಇಷ್ಟು ಪ್ರಾಮಾಣಿಕವಾಗಿದೆ ಎಂದು ನನಗನ್ನಿಸುತ್ತದೆ. ಸತ್ತುಬಿದ್ದವರಿಗೆ ಆ ವಿಗ್ರಹ ಏನಾಗಿತ್ತು ಎಂದು ಮಾತ್ರ ಚಿತ್ರದೊಳಗಿನ ಯಾರೂ ಕೇಳುತ್ತಿಲ್ಲ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರಾಗನ್ಸ್. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಇದನ್ನು ಹೊರತಂದರು. ಗೊತ್ತಿಲ್ಲದವರಿಗೆ ಹೇಳುವುದಾದರೆ, ನಮ್ಮ ತಾಳಮದ್ದಳೆಯ ಹಾಗೆ ಕೂತಲ್ಲೇ, ವೇಷವಿಲ್ಲದೆ, ಮಾತಿನಲ್ಲೇ ಪಾತ್ರವಾಗುವ ಆಟ; ಆದರೆ ಪ್ರಸಂಗ ಮೊದಲೇ ಗೊತ್ತಿರುವುದಿಲ್ಲ, ಗೆಲುವು ಸೋಲನ್ನು ದಾಳ ಹೇಳುತ್ತದೆ. ಇದರ ಹಳೆಯ ನಿಯಮವೊಂದು ನನ್ನನ್ನು ಬಹಳ ಕಾಡಿದೆ. ಆಗ ಪಾತ್ರದ ‘ಅನುಭವ’ದ ಅಂಕಗಳು ರಾಕ್ಷಸರನ್ನು ಕೊಂದದ್ದಕ್ಕಿಂತ ಹೆಚ್ಚಾಗಿ ಹೊತ್ತು ತಂದ ನಿಧಿಯಿಂದಲೇ ಬರುತ್ತಿದ್ದವು. ಒಂದು ಚಿನ್ನದ ನಾಣ್ಯಕ್ಕೆ ಒಂದು ಅಂಕ. ಲೂಟಿ ಮಾಡಿದಷ್ಟೂ ನೀವು ಬೆಳೆಯುತ್ತೀರಿ. ಮುಂದೆ ಈ ನಿಯಮ ಬಿದ್ದುಹೋಯಿತು. ಅದರ ಅಭ್ಯಾಸ ಬೀಳಲಿಲ್ಲ.

ನಾವು ಈ ಚಿತ್ರವನ್ನು ಬೇರೆ ಕಡೆಯಿಂದಲೂ ನೋಡಬಲ್ಲೆವು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಆಮೇಲೆ ಅರಮನೆಯ ಸಂಪತ್ತನ್ನು ಲೆಕ್ಕಹಾಕಿ ಹಂಚಲು ‘ಪ್ರೈಜ್ ಏಜೆಂಟ್’ಗಳು ಕೂತರು. ದರ್ಜೆಗೆ ತಕ್ಕ ಪಾಲು. ಪಾಲು ಮಾಡುವುದಕ್ಕೋಸ್ಕರ ಟಿಪ್ಪುವಿನ ಚಿನ್ನದ ಸಿಂಹಾಸನವನ್ನೇ ಒಡೆದರು. ಇಡಿಯಾಗಿ ತಮ್ಮ ದೊರೆಗೆ ಕಳಿಸಬೇಕೆಂದಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಇದು ಬೇಸರ ತಂದಿತು, ಆದರೆ ಅಷ್ಟರಲ್ಲಿ ತುಂಡಾಗಿತ್ತು. ಅದರ ದೊಡ್ಡ ಹುಲಿತಲೆಯೂ ರತ್ನಖಚಿತ ಹುಮಾ ಪಕ್ಷಿಯೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹ ಸೇರಿದವು. ಕಟಾಂಜನದ ಮೇಲಿದ್ದ ಚಿಕ್ಕ ಹುಲಿತಲೆಗಳಲ್ಲಿ ಒಂದು ವೇಲ್ಸ್‌ನ ಪೊವಿಸ್ ಕೋಟೆಯಲ್ಲಿದೆ. ಇಂಗ್ಲಿಷರನ್ನು ಸೋಲಿಸುವವರೆಗೆ ಆ ಸಿಂಹಾಸನ ಏರುವುದಿಲ್ಲವೆಂದು ಟಿಪ್ಪು ಶಪಥ ಮಾಡಿದ್ದನೆಂಬ ಕಥೆಯಿದೆ. ಹುಮಾದ ನೆರಳು ಬಿದ್ದವನು ಅರಸನಾಗುತ್ತಾನೆ ಎಂಬ ನಂಬಿಕೆಯಂತೂ ಬಹಳ ಹಳೆಯದು. ಷರತ್ತು, ಶಪಥ, ನೆರಳು: ಯಾವ ಆಟಗಾರನಿಗೆ ಕೊಟ್ಟರೂ ಇದನ್ನು ಮಾಂತ್ರಿಕ ವಸ್ತುವೆಂದು ಕೂಡಲೇ ಗುರುತಿಸುತ್ತಾನೆ. ಕಲ್ಪನೆ ಸೇರಿಸುವ ಅಗತ್ಯವೇ ಇಲ್ಲ.

ಗೈಗ್ಯಾಕ್ಸ್ ಶ್ರೀರಂಗಪಟ್ಟಣವನ್ನು ನೆನೆದು ನಿಯಮ ಬರೆದರೆಂದು ನಾನು ಹೇಳುತ್ತಿಲ್ಲ. ಆದರೆ ದೇವರ ಮೈಮೇಲಿಂದ ಕಿತ್ತ ರತ್ನದ ಕಥೆ ಇಂಗ್ಲಿಷ್ ಸಾಹಸಕಥನದಲ್ಲಿ ಹೊಸದೇನಲ್ಲ, ಮತ್ತು ಅದರ ಬಹು ಪ್ರಸಿದ್ಧ ರೂಪಗಳಲ್ಲಿ ಒಂದು ನೇರವಾಗಿ ಇಲ್ಲಿಂದಲೇ ಹೊರಡುತ್ತದೆ. ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ (1868) ಕಾದಂಬರಿ ಶುರುವಾಗುವುದೇ ಆ ದಿನದ ಮುತ್ತಿಗೆಯಿಂದ. ಹರ್ನ್‌ಕಾಸಲ್ ಎಂಬ ಅಧಿಕಾರಿ ಟಿಪ್ಪುವಿನ ಆಯುಧಾಗಾರದಲ್ಲಿ ಕೊಲೆ ಮಾಡಿ ವಜ್ರ ಹೊಡೆಯುತ್ತಾನೆ. ಅದು ಅದಕ್ಕೂ ಮೊದಲು ಚಂದ್ರದೇವನ ಹಣೆಯಲ್ಲಿದ್ದದ್ದು. ಮೂವರು ಬ್ರಾಹ್ಮಣರು ಅದರ ಬೆನ್ನುಹತ್ತಿ ಇಂಗ್ಲೆಂಡಿಗೆ ಹೋಗುತ್ತಾರೆ. ಕೊನೆಗೆ ವಜ್ರ ಮರಳಿ ದೇವರ ಹಣೆ ಸೇರುತ್ತದೆ. ಕಾಲಿನ್ಸ್‌ನ ಭಾರತ ನಿಗೂಢತೆಯ ಹೊಗೆ ಹಾಕಿದ ಭಾರತವೇ, ನಿಜ. ಆದರೂ ವಾರಸುದಾರರಿಗೆ ಅವನು ಕಾಲು ಕೊಟ್ಟ, ಹಡಗು ಹತ್ತಿಸಿದ, ಗೆಲ್ಲಿಸಿದ. ನೂರಹತ್ತು ವರ್ಷಗಳ ನಂತರ ಟ್ರ್ಯಾಂಪಿಯರ್ ಚಿತ್ರದಲ್ಲಿ ಅವರು ನೆಲದ ಮೇಲಿನ ಹೆಣಗಳಾಗಿದ್ದಾರೆ.

ನನ್ನ ತಕರಾರು ಇಷ್ಟೇ. ಫ್ಯಾಂಟಸಿ ಆಟದಲ್ಲಿ ಐತಿಹಾಸಿಕ ವಸ್ತು ಮಾಂತ್ರಿಕವಾಗಬೇಕಾದರೆ ಮೊದಲು ಅದರ ವಾರಸುದಾರ ಮಾಯವಾಗಬೇಕು. ಅವನು ಬಿಟ್ಟುಹೋದ ಖಾಲಿ ಜಾಗವನ್ನು ಮಂತ್ರ ತುಂಬುತ್ತದೆ.

ಇದನ್ನು ಆಟದ ನಿಯಮಗಳೇ ಒಪ್ಪಿಕೊಳ್ಳುತ್ತವೆ. 2014ರ ಆವೃತ್ತಿಯಲ್ಲಿ ‘ಐಡೆಂಟಿಫೈ’ ಎಂಬ ಮಂತ್ರವಿದೆ. ಮೊದಲನೇ ಮಟ್ಟದ್ದು, ಕಲಿಯುತ್ತಿರುವ ಮಾಂತ್ರಿಕನೂ ಹಾಕಬಹುದು. ನೂರು ನಾಣ್ಯ ಬೆಲೆಯ ಮುತ್ತು, ಗೂಬೆಯ ಗರಿ, ಒಂದು ನಿಮಿಷ. ವಸ್ತುವಿನ ಗುಣವೇನು, ಬಳಸುವುದು ಹೇಗೆ, ಎಷ್ಟು ಸಲ ಬಳಸಬಹುದು, ಎಲ್ಲ ತಿಳಿಯುತ್ತದೆ. ಯಾರದ್ದಾಗಿತ್ತು ಎಂದು ತಿಳಿಯುವುದಿಲ್ಲ. ಅದಕ್ಕೆ ‘ಲೆಜೆಂಡ್ ಲೋರ್’ ಎಂಬ ಬೇರೆ ಮಂತ್ರ ಬೇಕು: ಐದನೇ ಮಟ್ಟದ್ದು, ಇನ್ನೂರೈವತ್ತು ನಾಣ್ಯದ ಧೂಪ ಸುಡಬೇಕು, ದಂತದ ಪಟ್ಟಿಗಳು ಬೇರೆ, ಹತ್ತು ನಿಮಿಷ. ಅದೂ ವಸ್ತು ದಂತಕಥೆಯಾಗುವಷ್ಟು ಪ್ರಸಿದ್ಧವಾಗಿದ್ದರೆ ಮಾತ್ರ ಬಾಯಿ ಬಿಡುತ್ತದೆ. ಉಪಯೋಗ ಅಗ್ಗ, ಚರಿತ್ರೆ ದುಬಾರಿ. ವಸ್ತುಸಂಗ್ರಹಾಲಯದ ಚೀಟಿಗಳನ್ನು ಓದಿದವರಿಗೆ ಇದು ಅಪರಿಚಿತವೇನಲ್ಲ.

‘ಆಟವನ್ನು ಆಟದಂತೆ ಬಿಡಿ’ ಎನ್ನುವವರಿದ್ದಾರೆ. ಬಿಡಬಹುದಿತ್ತು, ಆಟವೇ ಒಮ್ಮೊಮ್ಮೆ ಇದಕ್ಕಿಂತ ದೊಡ್ಡದನ್ನು ಮಾಡದೇ ಹೋಗಿದ್ದರೆ. ‘ಸ್ಟ್ರೇಂಜರ್ ಥಿಂಗ್ಸ್’ ನೋಡಿದವರಿಗೆ ವೆಕ್ನಾ ಗೊತ್ತು. ಮೂಲದಲ್ಲಿ ಅವನು 1976ರ ‘ಎಲ್ಡ್ರಿಚ್ ವಿಜರ್ಡ್ರಿ’ ಎಂಬ ಪುಸ್ತಕದಲ್ಲಿ ಬರುವ ಅಳಿದುಹೋದ ಮಾಂತ್ರಿಕ; ಉಳಿದಿರುವುದು ಅವನ ಒಂದು ಕೈ, ಒಂದು ಕಣ್ಣು. ಆ ಕೈಯ ಶಕ್ತಿ ಬೇಕೆಂದರೆ ನಿಮ್ಮ ಕೈ ಕಡಿದು ಅದನ್ನು ಜೋಡಿಸಿಕೊಳ್ಳಬೇಕು. ಜೋಡಿಸಿಕೊಂಡವನು ಮೆಲ್ಲಗೆ ಕೆಡುತ್ತಾ ಹೋಗುತ್ತಾನೆ. ಯುರೋಪಿನ ಸಂತರ ಎಲುಬು, ಬೆರಳುಗಳನ್ನು ಪೂಜಿಸುವ ಸಂಪ್ರದಾಯ ಇಲ್ಲಿ ತಲೆಕೆಳಗಾಗಿ ಬಂದಿದೆ. ನನಗೆ ಇದು ಇಡೀ ಆಟದ ಅತ್ಯುತ್ತಮ ಕಲ್ಪನೆ ಅನ್ನಿಸುವುದು ಅದರ ಭೀಕರತೆಯಿಂದಲ್ಲ, ಹಳೆಯ ಒಡೆಯ ಇಲ್ಲಿ ತನ್ನ ಹಕ್ಕು ಬಿಟ್ಟುಕೊಟ್ಟಿಲ್ಲ ಎಂಬುದರಿಂದ.

ಮಹಾಭಾರತಕ್ಕೆ ಇದು ಚೆನ್ನಾಗಿ ಗೊತ್ತಿತ್ತು. ಮಹಾಪ್ರಸ್ಥಾನಕ್ಕೆ ಹೊರಟ ಪಾಂಡವರ ದಾರಿಗೆ ಅಗ್ನಿ ಅಡ್ಡ ನಿಂತು, ಗಾಂಡೀವ ವರುಣನಿಂದ ತಂದದ್ದು, ಹಿಂದಕ್ಕೆ ಕೊಡು ಎನ್ನುತ್ತಾನೆ. ಅರ್ಜುನ ಅದನ್ನೂ ಅಕ್ಷಯ ಬತ್ತಳಿಕೆಗಳನ್ನೂ ನೀರಿಗೆ ಹಾಕುತ್ತಾನೆ. ಅಷ್ಟು ಯುದ್ಧ ಗೆದ್ದ ಬಿಲ್ಲು ಕೈಕಡ ತಂದದ್ದು.

ಹೋದ ವರ್ಷ ನಾಲ್ವರು ಗೆಳೆಯರಿಗೆ ನಾನೇ ಆಟ ನಡೆಸುವಾಗ ಇದನ್ನು ಪರೀಕ್ಷಿಸಿ ನೋಡಿದೆ. ಒಡೆದ ಸಿಂಹಾಸನದ ಒಂದು ಚಿನ್ನದ ಹುಲಿತಲೆಯನ್ನು ನಿಧಿಯಲ್ಲಿಟ್ಟೆ. ಮೊದಲ ಪ್ರಶ್ನೆ ನಿರೀಕ್ಷಿಸಿದ್ದೇ: “ಪ್ಲಸ್ ಎಷ್ಟು?” ಪ್ಲಸ್ ಎರಡು ಎಂದೆ. ಮರುದಿನ ರಾತ್ರಿ ಅವರ ಬಿಡಾರದ ಮುಂದೆ ಮುದುಕನೊಬ್ಬ ಬಂದು ಕೂತ. ಆ ಸಿಂಹಾಸನದ ಕಾವಲು ಕಾದವನು. ಜಗಳವಿಲ್ಲ, ಶಾಪವಿಲ್ಲ, ಸುಮ್ಮನೆ ಕೂತಿರುತ್ತಾನೆ. “ಇದೊಳ್ಳೆ ಬಾಡಿಗೆ ಮನೆ ಓನರ್ ಥರ ಆಯ್ತಲ್ಲೋ ಮಾರಾಯ” ಎಂದು ಒಬ್ಬ ರೇಗಿದ. ಆಟದ ವೇಗ ತಗ್ಗಿತು, ಅದು ಸುಳ್ಳಲ್ಲ. ಆದರೆ ಮುಂದಿನ ಮೂರು ಭಾನುವಾರ ಅವರು ಕಾದಾಡಲಿಲ್ಲ, ವಾದಿಸಿದರು. ಕೊಡುವುದಾದರೆ ಯಾರಿಗೆ? ಅರಸ ಸತ್ತ, ಮಕ್ಕಳು ದೂರದ ಕೋಟೆಯಲ್ಲಿ ಸೆರೆ, ಮುದುಕನಿಗೆ ಮನೆಯಿಲ್ಲ, ಊರಿನವರಿಗೆ ಕೊಟ್ಟರೆ ನಾಳೆಯೇ ಕರಗಿಸುತ್ತಾರೆ. ಟಿಪ್ಪುವಿನ ಮಕ್ಕಳನ್ನು ವೆಲ್ಲೂರಿಗೆ ಒಯ್ದದ್ದು ಅವರಲ್ಲಿ ಇಬ್ಬರಿಗೆ ಗೊತ್ತೇ ಇರಲಿಲ್ಲ. ಆಟದ ನಡುವೆ ಫೋನ್ ತೆಗೆದು ಓದಿದರು.

ಹುಲಿತಲೆ ಇನ್ನೂ ಅವರ ಚೀಲದಲ್ಲಿದೆ. ಈಚೆಗೆ ಅದರ ಪ್ಲಸ್ ಎರಡನ್ನು ಯಾರೂ ಲೆಕ್ಕಕ್ಕೆ ಹಿಡಿಯುತ್ತಿಲ್ಲ.