ಗುಣಗಳ ಖಾತೆ ಪುಸ್ತಕ: ಫ್ರಾಂಕ್ಲಿನ್ನರ ವಾದದ ಒಂದು ವಿಮರ್ಶೆ

ಮನುಷ್ಯನು ತನ್ನ ಶೀಲವನ್ನು ತಾನೇ ತಿದ್ದಿಕೊಳ್ಳಬಲ್ಲನೇ? ಬಲ್ಲನಾದರೆ ಅದಕ್ಕೆ ಕ್ರಮ ಯಾವುದು? ಈ ಪ್ರಶ್ನೆಗೆ ಧರ್ಮಶಾಸ್ತ್ರಗಳೂ ತತ್ತ್ವಜ್ಞಾನಿಗಳೂ ಕೊಟ್ಟಿರುವ ಉತ್ತರಗಳು ಹಲವು. ಅವುಗಳಲ್ಲಿ ವ್ಯಾಪಾರವನ್ನೇ ವೃತ್ತಿಯಾಗಿ ಉಳ್ಳವರ ಮನಸ್ಸಿಗೆ ಬಹು ಬೇಗ ಒಪ್ಪಿಗೆಯಾಗುವ ಉತ್ತರವೊಂದು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ (1706–1790) ಅವರದು. ಸಾಬೂನು ಮತ್ತು ಬತ್ತಿ ತಯಾರಿಸುವ ಬಡ ತಂದೆಯ ಮಗನಾಗಿ ಹುಟ್ಟಿ, ಮುದ್ರಣದ ವೃತ್ತಿಯಿಂದ ಮೇಲೆ ಬಂದು, ವಿಜ್ಞಾನಿಯಾಗಿಯೂ ರಾಜನೀತಿಜ್ಞರಾಗಿಯೂ ಹೆಸರಾದ ಈ ಮಹನೀಯರು ತಮ್ಮ ಆತ್ಮಕಥೆಯಲ್ಲಿ ಶೀಲಶುದ್ಧಿಯ ಒಂದು ಯೋಜನೆಯನ್ನು ವಿವರಿಸಿದ್ದಾರೆ. ಅದರಲ್ಲಿ ಗ್ರಾಹ್ಯವಾದದ್ದು ಎಷ್ಟು, ಸಾಲದೆ ಬರುವುದು ಎಲ್ಲಿ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಅವರ ವಾದವನ್ನು ನ್ಯಾಯವಾಗಿ ಮುಂದಿಡೋಣ. ಅದರಲ್ಲಿ ಮೂರು ಮೆಟ್ಟಿಲುಗಳಿವೆ. ಸದ್ಗುಣವು ನಮಗೇ ಹಿತಕರವೆಂಬ ತಿಳಿವಳಿಕೆ ಮಾತ್ರದಿಂದ ಮನುಷ್ಯನು ಜಾರದೆ ಉಳಿಯಲಾರನು; ಒಂದು ದೋಷವನ್ನು ಕಾಯುತ್ತಿರುವಾಗಲೇ ಮತ್ತೊಂದು ಹಿಂಬಾಗಿಲಿನಿಂದ ಬರುತ್ತದೆ; ಆದ್ದರಿಂದ ಕೆಟ್ಟ ಅಭ್ಯಾಸಗಳನ್ನು ಮುರಿದು ಒಳ್ಳೆಯ ಅಭ್ಯಾಸಗಳನ್ನು ಬೆಳೆಸಬೇಕು ಎಂಬುದು ಮೊದಲನೆಯದು. ಎಲ್ಲ ಗುಣಗಳನ್ನೂ ಏಕಕಾಲಕ್ಕೆ ಸಾಧಿಸಹೋದರೆ ಗಮನ ಚದುರುವುದು. ತೋಟದ ಮಡಿಗಳನ್ನು ಒಂದಾದ ಮೇಲೊಂದರಂತೆ ಕಳೆ ಕೀಳುವ ಹಾಗೆ ಗುಣಗಳನ್ನೂ ಒಂದೊಂದಾಗಿ ಹಿಡಿಯಬೇಕು ಎಂಬುದು ಎರಡನೆಯದು. ಇದಕ್ಕೆ ದಿನದಿನವೂ ಆತ್ಮಪರೀಕ್ಷೆ ಬೇಕು, ಆ ಪರೀಕ್ಷೆಗೆ ಲಿಖಿತ ದಾಖಲೆ ಬೇಕು ಎಂಬುದು ಮೂರನೆಯದು.

ಈ ವಾದಕ್ಕೆ ಅನುಸಾರವಾಗಿ ಅವರು ಹದಿಮೂರು ಗುಣಗಳನ್ನು ಆರಿಸಿಕೊಂಡರು: ಮಿತವಾದ ಆಹಾರಪಾನ, ಮೌನ, ವ್ಯವಸ್ಥೆ, ದೃಢಸಂಕಲ್ಪ, ಮಿತವ್ಯಯ, ಉದ್ಯಮಶೀಲತೆ, ನಿಷ್ಕಪಟತೆ, ನ್ಯಾಯ, ಅತಿರೇಕವರ್ಜನೆ, ಶುಚಿತ್ವ, ಮನಶ್ಶಾಂತಿ, ಲೈಂಗಿಕ ಸಂಯಮ ಮತ್ತು ವಿನಯ. ಒಂದು ಸಣ್ಣ ಪುಸ್ತಕದಲ್ಲಿ ಪ್ರತಿಯೊಂದು ಗುಣಕ್ಕೂ ಒಂದು ಪುಟ. ಪುಟದಲ್ಲಿ ಕೆಂಪು ಮಸಿಯಿಂದ ವಾರದ ಏಳು ದಿನಗಳಿಗೆ ಏಳು ಅಂಕಣಗಳು, ಹದಿಮೂರು ಗುಣಗಳಿಗೆ ಹದಿಮೂರು ಅಡ್ಡಸಾಲುಗಳು. ಆ ದಿನ ಯಾವ ಗುಣದಲ್ಲಿ ತಪ್ಪು ನಡೆಯಿತೋ ಆ ಮನೆಯಲ್ಲಿ ಒಂದು ಕಪ್ಪು ಚುಕ್ಕೆ. ವಾರಕ್ಕೊಂದು ಗುಣದ ಮೇಲೆ ವಿಶೇಷ ಗಮನ. ಹೀಗೆ ಹದಿಮೂರು ವಾರಗಳಿಗೆ ಒಂದು ಆವರ್ತ, ವರ್ಷಕ್ಕೆ ನಾಲ್ಕು ಆವರ್ತ. ವರ್ಷಕ್ಕೆ ನಾಲ್ಕು ಬಾರಿ ಲೆಕ್ಕ ತೆಗೆದು ನೋಡುವ ಈ ಪರಿ ನಮ್ಮ ವರ್ತಕ ಬಂಧುಗಳಿಗೆ ಅಪರಿಚಿತವಲ್ಲ.

ಈ ಯೋಜನೆಯಲ್ಲಿ ಮೆಚ್ಚತಕ್ಕದ್ದು ಬಹಳವಿದೆ. ಸಂಕಲ್ಪ ಮಾಡಿದ ಮಾತ್ರಕ್ಕೆ ಶೀಲ ಬಾರದು ಎಂಬ ಮೊದಲ ಮೆಟ್ಟಿಲು ಅನುಭವಸಿದ್ಧವಾದ ಸತ್ಯ. ಫ್ರಾಂಕ್ಲಿನ್ನರು ತಮ್ಮ ಸೋಲನ್ನು ಮುಚ್ಚಿಡಲಿಲ್ಲವೆಂಬುದೂ ಗಮನಾರ್ಹ. ತಮ್ಮಲ್ಲಿ ತಾವು ಎಣಿಸಿದ್ದಕ್ಕಿಂತ ಹೆಚ್ಚು ದೋಷಗಳಿದ್ದುದನ್ನು ಕಂಡು ಅಚ್ಚರಿಪಟ್ಟೆನೆಂದೂ, ಪರಿಪೂರ್ಣತೆ ದೂರವೇ ಉಳಿದರೂ ಪ್ರಯತ್ನದಿಂದ ಮೊದಲಿಗಿಂತ ಉತ್ತಮನೂ ಸುಖಿಯೂ ಆದೆನೆಂದೂ ಅವರು ಹೇಳಿಕೊಂಡಿದ್ದಾರೆ. ಇಷ್ಟು ಪ್ರಾಮಾಣಿಕವಾದ ಸಾಧಕನನ್ನು ಹಗುರವಾಗಿ ಕಾಣುವುದು ಸಲ್ಲದು.

ಆದರೂ ಹಗುರವಾಗಿ ಕಂಡವರು ಇಲ್ಲದಿಲ್ಲ. ಇಂಗ್ಲಿಷ್ ಲೇಖಕ ಡಿ. ಎಚ್. ಲಾರೆನ್ಸ್ 1923ರಲ್ಲಿ ಈ ಪಟ್ಟಿಯನ್ನು ಕಟುವಾಗಿ ಗೇಲಿ ಮಾಡಿದರು. ಜೀವಂತ ಮನುಷ್ಯನನ್ನು ನಿಯಮಗಳ ಚೌಕಟ್ಟಿಗೆ ತುರುಕುವ ಯತ್ನವಿದೆಂಬುದು ಅವರ ಆಕ್ಷೇಪದ ಸಾರ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904–05ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ, ಫ್ರಾಂಕ್ಲಿನ್ನರ ಗುಣಗಳೆಲ್ಲ ಲಾಭದ ಬಣ್ಣ ಹೊತ್ತಿವೆ ಎಂದು ತೋರಿಸಿದರು. ಲಾರೆನ್ಸರ ಆಕ್ಷೇಪವನ್ನು ಒಪ್ಪಿದರೆ ವ್ರತ, ನಿಯಮಗಳೆಲ್ಲವನ್ನೂ ಬಿಡಬೇಕಾದೀತು. ವೇಬರರ ಮಾತಿನಲ್ಲಿ ಹುರುಳಿದೆ. ಆದರೆ ಲಾಭಕ್ಕಾಗಿಯೇ ಮೊದಲಿಟ್ಟ ಒಳ್ಳೆಯ ಅಭ್ಯಾಸವು ಕ್ರಮೇಣ ಸ್ವಭಾವವಾಗಿ ನಿಲ್ಲುವುದೂ ಉಂಟಲ್ಲವೇ? ನನಗೆ ತೋರುವಂತೆ ಈ ಯೋಜನೆಯ ದೌರ್ಬಲ್ಯ ಬೇರೆಡೆ ಇದೆ. ಅದು ಲೆಕ್ಕಶಾಸ್ತ್ರದ ದೌರ್ಬಲ್ಯ. ಫ್ರಾಂಕ್ಲಿನ್ನರು ಶೀಲಕ್ಕೆ ಖಾತೆ ತೆರೆದರು. ಆದ್ದರಿಂದ ಖಾತೆಯ ನಿಯಮಗಳಿಂದಲೇ ಅದನ್ನು ಪರೀಕ್ಷಿಸುವುದು ಉಚಿತ.

ವಾಣಿಜ್ಯಶಾಸ್ತ್ರದ ವಿದ್ಯಾರ್ಥಿಗೆ ಆರಂಭದಲ್ಲಿಯೇ ಕಲಿಸುವ ಪಾಠವೊಂದಿದೆ. ತಾಳೆಪಟ್ಟಿಯ ಎರಡೂ ಬದಿಯ ಮೊತ್ತ ಸರಿಹೊಂದಿದ ಮಾತ್ರಕ್ಕೆ ಲೆಕ್ಕ ಶುದ್ಧವೆಂದು ನಂಬಬಾರದು. ವ್ಯವಹಾರವೊಂದನ್ನು ಕಿರ್ದಿಯಲ್ಲಿ ಬರೆಯದೆಯೇ ಬಿಟ್ಟಿದ್ದರೆ ಆ ಲೋಪವನ್ನು ತಾಳೆಪಟ್ಟಿ ತೋರಿಸದು. ಒಂದು ತಪ್ಪನ್ನು ಇನ್ನೊಂದು ತಪ್ಪು ಸರಿದೂಗಿಸಿದ್ದರೆ ಅದನ್ನೂ ತೋರಿಸದು. ಎಲ್ಲಕ್ಕಿಂತ ಕಷ್ಟವಾದದ್ದು ತತ್ತ್ವದ ತಪ್ಪು: ಯಂತ್ರ ಕೊಂಡ ಹಣವನ್ನು ಸರಕು ಖರೀದಿಯ ಖಾತೆಗೆ ಬರೆದಂತೆ, ಮೊತ್ತ ಸರಿಯಾಗಿದ್ದು ಶೀರ್ಷಿಕೆಯೇ ತಪ್ಪಾಗಿರುವುದು. ಇಂಥ ಲೆಕ್ಕವನ್ನು ಬರೆದವನು ನೂರು ಸಲ ಕೂಡಿದರೂ ತಪ್ಪು ಸಿಕ್ಕದು. ಏಕೆಂದರೆ ತಪ್ಪಿರುವುದು ಕೂಡಿಕೆಯಲ್ಲಲ್ಲ, ಬರೆದವನ ತಿಳಿವಳಿಕೆಯಲ್ಲಿ.

ಫ್ರಾಂಕ್ಲಿನ್ನರ ಪುಸ್ತಕದಲ್ಲಿ ಇಂಥದೊಂದು ತಪ್ಪು ದಶಕಗಳ ಕಾಲ ಕುಳಿತಿತ್ತು. ಅವರ ಮನೆಯಲ್ಲಿ ಗುಲಾಮರಿದ್ದರು. 1729ರಲ್ಲಿ ಅವರ ಕೈಸೇರಿದ ‘ಪೆನ್ಸಿಲ್ವೇನಿಯಾ ಗೆಜೆಟ್’ ಪತ್ರಿಕೆಯಲ್ಲಿ ಗುಲಾಮರ ಮಾರಾಟದ, ಓಡಿಹೋದ ಗುಲಾಮರ ಪತ್ತೆಯ ಜಾಹೀರಾತುಗಳು ಅಚ್ಚಾಗುತ್ತಿದ್ದವು. 1757ರಲ್ಲಿ ಅವರು ಮಗನೊಡನೆ ಲಂಡನ್ನಿಗೆ ಹೊರಟಾಗ ಪೀಟರ್ ಮತ್ತು ಕಿಂಗ್ ಎಂಬ ಇಬ್ಬರು ಗುಲಾಮರನ್ನು ಜೊತೆಗೆ ಕರೆದೊಯ್ದರು. ಯಾರಿಗೂ ಅಪಕಾರ ಮಾಡಬಾರದು, ಮಾಡಬೇಕಾದ ಉಪಕಾರವನ್ನು ತಪ್ಪಿಸಬಾರದು ಎಂಬರ್ಥದ ವಿವರಣೆಯೊಡನೆ ‘ನ್ಯಾಯ’ವು ಅವರ ಪಟ್ಟಿಯಲ್ಲಿಯೇ ಇತ್ತು. ಆದರೆ ಅವರು ಬದುಕಿನಲ್ಲಿ ತಮ್ಮಿಂದಾದ ತಪ್ಪುಗಳನ್ನು, ಮುದ್ರಕರ ಪರಿಭಾಷೆಯಲ್ಲಿ, ಅಚ್ಚಿನ ತಪ್ಪುಗಳೆಂದು ಕರೆದು ಆತ್ಮಕಥೆಯಲ್ಲಿ ಗುರುತಿಸುವಾಗ ಅಣ್ಣನ ಕರಾರು ಮುರಿದದ್ದು ಬರುತ್ತದೆ, ಪರರ ಹಣವನ್ನು ಬಳಸಿಕೊಂಡದ್ದು ಬರುತ್ತದೆ; ಗುಲಾಮರನ್ನು ಇಟ್ಟುಕೊಂಡದ್ದು ಬರುವುದಿಲ್ಲ. ಮನುಷ್ಯನನ್ನು ಆಸ್ತಿಯ ಶೀರ್ಷಿಕೆಯಡಿ ಬರೆದಾಗಿತ್ತು. ಶೀರ್ಷಿಕೆ ತಪ್ಪಾದ ಮೇಲೆ ನ್ಯಾಯದ ಸಾಲು ಶುಭ್ರವಾಗಿಯೇ ಕಾಣುತ್ತದೆ.

ಆ ಕಾಲದಲ್ಲಿ ಎಲ್ಲರೂ ಹಾಗೆಯೇ ಇದ್ದರು ಎಂದು ಸಮಾಧಾನ ಹೇಳಬಹುದು. ಅದು ಪೂರ್ಣ ಸತ್ಯವಲ್ಲ. ಅದೇ ಫಿಲಡೆಲ್ಫಿಯಾ ನಗರದಲ್ಲಿ ಆಂಟನಿ ಬೆನೆಜೆಟ್‌ರಂಥ ಕ್ವೇಕರ್ ಸಜ್ಜನರು ಗುಲಾಮಗಿರಿಯನ್ನು ಬಹಿರಂಗವಾಗಿ ಖಂಡಿಸುತ್ತಿದ್ದರು. ಅದು ಹಾಗಿರಲಿ. ಮುಖ್ಯವಾದ ಪ್ರಶ್ನೆ ಮುಂದಿನದು: ಫ್ರಾಂಕ್ಲಿನ್ನರು ಕೊನೆಗೆ ಬದಲಾದರು; ಹಾಗೆ ಬದಲಾಗಲು ಆ ಸಣ್ಣ ಪುಸ್ತಕ ಕಾರಣವಾಯಿತೇ?

ದಾಖಲೆಗಳು ಬೇರೆಯೇ ಮಾತನ್ನು ಹೇಳುತ್ತವೆ. 1763ರಲ್ಲಿ ಅವರು ಫಿಲಡೆಲ್ಫಿಯಾದಲ್ಲಿ ಕಪ್ಪು ಮಕ್ಕಳ ಶಾಲೆಯೊಂದನ್ನು ನೋಡಲು ಹೋದರು. ಆ ಮಕ್ಕಳ ಗ್ರಹಣಶಕ್ತಿಯನ್ನು ಪ್ರತ್ಯಕ್ಷ ಕಂಡ ಮೇಲೆ, ಆ ಜನರ ಸಹಜ ಸಾಮರ್ಥ್ಯದ ವಿಷಯದಲ್ಲಿ ತಮಗಿದ್ದ ಅಭಿಪ್ರಾಯ ಬದಲಾಯಿತೆಂದು ಪತ್ರವೊಂದರಲ್ಲಿ ಬರೆದರು. ಬೆನೆಜೆಟ್‌ರೊಡನೆ ಪತ್ರವ್ಯವಹಾರ ನಡೆಯಿತು. 1787ರಲ್ಲಿ ಗುಲಾಮಗಿರಿಯ ನಿವಾರಣೆಗಾಗಿ ಇದ್ದ ಪೆನ್ಸಿಲ್ವೇನಿಯಾ ಸಂಘದ ಅಧ್ಯಕ್ಷರಾದರು. 1790ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿಗೆ ಆ ಸಂಘದ ಮನವಿಯನ್ನು ತಮ್ಮ ಸಹಿಯೊಡನೆ ಕಳುಹಿಸಿದರು, ಏಪ್ರಿಲಿನಲ್ಲಿ ತೀರಿಕೊಂಡರು. ಕಣ್ಣು ತೆರೆಸಿದವರು ಪಾಠ ಓದುತ್ತಿದ್ದ ಮಕ್ಕಳು ಮತ್ತು ನಿರ್ದಾಕ್ಷಿಣ್ಯವಾಗಿ ಮಾತನಾಡಬಲ್ಲ ನೆರೆಯವರು. ಕಪ್ಪು ಚುಕ್ಕೆಯ ಪಟ್ಟಿಯಲ್ಲ.

ಇದಕ್ಕೆ ಇನ್ನೂ ಬಲವಾದ ಸಾಕ್ಷ್ಯ ಅವರ ಆತ್ಮಕಥೆಯಲ್ಲಿಯೇ ದೊರೆಯುತ್ತದೆ. ಅವರು ಮೊದಲು ಆರಿಸಿಕೊಂಡ ಗುಣಗಳು ಹನ್ನೆರಡು. ಹದಿಮೂರನೆಯದಾದ ವಿನಯವು ಸೇರಿದ್ದು, ಜನ ನಿಮ್ಮನ್ನು ಅಹಂಕಾರಿಯೆಂದು ಭಾವಿಸುತ್ತಾರೆ ಎಂದು ಒಬ್ಬ ಕ್ವೇಕರ್ ಸ್ನೇಹಿತರು ನಿದರ್ಶನಗಳೊಡನೆ ತಿಳಿಸಿದ ಮೇಲೆ. ಎಂದರೆ ತಮ್ಮ ದೋಷಗಳನ್ನು ಎಣಿಸಲು ಕುಳಿತವರಿಗೆ ಎಲ್ಲರಿಗೂ ಕಾಣುತ್ತಿದ್ದ ದೋಷವೇ ಕಾಣಲಿಲ್ಲ. ಹೊಸ ಅಂಕಣವನ್ನು ಹೊರಗಿನವರ ಕಣ್ಣು ತೆರೆಸಿಕೊಟ್ಟಿತು. ಆ ಬಳಿಕ ಅವರು ‘ಖಂಡಿತವಾಗಿ’, ‘ನಿಸ್ಸಂದೇಹವಾಗಿ’ ಎಂಬಂಥ ಮಾತುಗಳನ್ನು ಬಿಟ್ಟು ‘ನನಗೆ ತೋರುವಂತೆ’ ಎಂಬ ರೀತಿಯಲ್ಲಿ ಮಾತನಾಡುವುದನ್ನು ರೂಢಿಸಿಕೊಂಡರು. ಸ್ಯಾದ್ವಾದವನ್ನು ಬಲ್ಲ ವಾಚಕರಿಗೆ ಇದು ಪ್ರಿಯವಾಗದೆ ಇರದು. ಆದರೆ ವಿನಯದ ತೋರಿಕೆಯಲ್ಲಿ ಗೆದ್ದಷ್ಟು ಅದರ ವಾಸ್ತವದಲ್ಲಿ ಗೆಲ್ಲಲಿಲ್ಲವೆಂದು ಅವರೇ ಒಪ್ಪಿದ್ದಾರೆ.

ಮತ್ತೊಂದು ಅಂಶ. ಚುಕ್ಕೆಗಳನ್ನು ಅಳಿಸಿ ಅಳಿಸಿ ಕಾಗದ ತೂತಾದಾಗ ಅವರು ದಂತದ ಹಾಳೆಗಳ ಮೇಲೆ ಗೆರೆ ಎಳೆದು, ಸೀಸದ ಕಡ್ಡಿಯಿಂದ ಗುರುತು ಹಾಕಿ, ಆವರ್ತ ಮುಗಿದ ಮೇಲೆ ಒದ್ದೆ ಸ್ಪಂಜಿನಿಂದ ಒರೆಸುತ್ತಿದ್ದರು. ವರ್ತಕನು ಖಾತೆಯಲ್ಲಿ ಬರೆದದ್ದನ್ನು ಎಂದೂ ಒರೆಸುವುದಿಲ್ಲ. ತಪ್ಪಾಗಿದ್ದರೆ ತಿದ್ದುಪಡಿಯ ನಮೂದನ್ನು ಬರೆಯುತ್ತಾನೆ, ತಪ್ಪೂ ತಿದ್ದುಪಡಿಯೂ ಎರಡೂ ಕಾಣುವಂತೆ. ಚುಕ್ಕೆಯನ್ನು ಒರೆಸಿದರೆ ಹಾಳೆ ಶುಭ್ರವಾಗುತ್ತದೆ. ನೋವುಂಡವನ ಬಾಕಿ ಹಾಗೆಯೇ ಉಳಿಯುತ್ತದೆ. ಅವನಿಗೆ ಸಲ್ಲಬೇಕಾದದ್ದನ್ನು ಬರೆಯುವ ಮನೆಯೇ ಆ ಪುಟದಲ್ಲಿಲ್ಲ.

ಈ ಹಿನ್ನೆಲೆಯಲ್ಲಿ ನಮ್ಮ ಆಚಾರ್ಯರ ವಿಚಾರಕ್ರಮವನ್ನು ನೋಡಬಹುದು. ಅವರೂ ಪಟ್ಟಿ ಮಾಡಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಪ್ರತಿಯೊಂದು ವ್ರತಕ್ಕೂ ಐದೈದು ಅತಿಚಾರಗಳನ್ನು ಹೆಸರಿಸುತ್ತದೆ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಯಾದ ಭಾರ ಹೊರಿಸುವುದೂ ಅನ್ನಪಾನಗಳನ್ನು ತಡೆಯುವುದೂ ಸೇರಿವೆ. ಅಚೌರ್ಯದ ಅತಿಚಾರಗಳಲ್ಲಿ ಕಳವಿನ ಮಾಲು ಕೊಳ್ಳುವುದು, ಅಳತೆ ತೂಕಗಳಲ್ಲಿ ಮೋಸ, ಕಲಬೆರಕೆ ಇವೆ. ಇಲ್ಲಿ ದೋಷವನ್ನು ಅಳೆದಿರುವುದು ನೋವುಂಡವನ, ಮೋಸಹೋದವನ ಕಡೆಯಿಂದ. ವ್ರತಗಳನ್ನು ಬಿಡಿಬಿಡಿಯಾಗಿ ಹೇಳಿದರೂ ಸುಳ್ಳು, ಕಳವು ಮೊದಲಾದವೆಲ್ಲ ಹಿಂಸೆಯ ರೂಪಗಳೇ ಎಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಪ್ರತಿಪಾದಿಸಿದ್ದಾರೆ. ಗುಣಗಳು ತೋಟದ ಮಡಿಗಳಂತೆ ಬೇರೆಬೇರೆ ಎಂಬ ಫ್ರಾಂಕ್ಲಿನ್ನರ ಎರಡನೆಯ ಮೆಟ್ಟಿಲಿಗೆ ಇದು ಸಮರ್ಪಕವಾದ ಉತ್ತರ. ಅಭ್ಯಾಸಕ್ಕಾಗಿ ಬೇರ್ಪಡಿಸಬಹುದು; ಬೇರು ಒಂದೇ.

ಇನ್ನೂ ಮುಖ್ಯವಾದದ್ದು ಆಲೋಚನೆ. ತನ್ನ ದೋಷವನ್ನು ತಾನೇ ಎಣಿಸಿಕೊಂಡು ಮುಗಿಸದೆ ಗುರುವಿನ ಮುಂದೆ ನಿವೇದಿಸಬೇಕೆಂಬುದು ಪ್ರಾಯಶ್ಚಿತ್ತದ ಮೊದಲ ಅಂಗ. ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಆಧಾರವಾದ ಭಗವತೀ ಆರಾಧನೆಯಲ್ಲಿ ಶಿವಾರ್ಯರು ಆಲೋಚನೆಯ ಹತ್ತು ದೋಷಗಳನ್ನು ವಿವರಿಸಿದ್ದಾರೆ. ಅವುಗಳಲ್ಲಿ ‘ದೃಷ್ಟ’ವೆಂದರೆ ಪರರು ಕಂಡ ತಪ್ಪನ್ನಷ್ಟೇ ಹೇಳುವುದು. ‘ಸೂಕ್ಷ್ಮ’ವೆಂದರೆ ಸಣ್ಣ ತಪ್ಪುಗಳನ್ನು ಹೇಳಿ ದೊಡ್ಡವನ್ನು ಮರೆಸುವುದು. ‘ಶಬ್ದಾಕುಲಿತ’ವೆಂದರೆ ಗದ್ದಲದ ನಡುವೆ, ಗುರುವಿಗೆ ಸರಿಯಾಗಿ ಕೇಳಿಸದಂತೆ ಹೇಳುವುದು. ಫ್ರಾಂಕ್ಲಿನ್ನರನ್ನು ಬಹಳವಾಗಿ ಬಾಧಿಸಿದ ದೋಷ ಕಾಗದಪತ್ರ, ಸಾಮಾನುಗಳನ್ನು ಸ್ಥಳದಲ್ಲಿ ಇಡದಿದ್ದುದು! ಅವರು ಬೇಕೆಂದೇ ಮರೆಸಿದರೆಂದು ಹೇಳಲಾಗದು, ಆದ್ದರಿಂದ ಶಾಸ್ತ್ರೋಕ್ತವಾದ ‘ಸೂಕ್ಷ್ಮ’ ದೋಷ ಅವರಿಗೆ ಪೂರ್ಣವಾಗಿ ಅನ್ವಯಿಸದು. ಆದರೆ ಫಲ ಅದೇ ಆಯಿತು. ಅಸ್ತವ್ಯಸ್ತವಾದ ಕಾಗದಕ್ಕೆ ಚುಕ್ಕೆ ಬಿತ್ತು, ಮನೆಯ ಗುಲಾಮನಿಗೆ ಬೀಳಲಿಲ್ಲ.

ನಮ್ಮಲ್ಲಿ ಇದೆಲ್ಲವೂ ಇದೆ ಎಂದು ಹೆಮ್ಮೆಪಟ್ಟು ಲೇಖನ ಮುಗಿಸಿದರೆ ಅದು ಇನ್ನೊಂದು ಬಗೆಯ ಮದವಾದೀತು. ಗ್ರಂಥದಲ್ಲಿ ಅಂಕಣವಿದ್ದರೆ ಸಾಲದು. ಗಡ್ಡೆಗೆಣಸು ವರ್ಜಿಸಿ, ನೀರು ಸೋಸಿ ಕುಡಿದು, ಸೂರ್ಯಾಸ್ತದ ಮುನ್ನ ಊಟ ಮುಗಿಸುವ ಶ್ರಾವಕನ ಗೋದಾಮಿನಲ್ಲಿ ಮೂಟೆ ಹೊರುವ ಹಮಾಲಿಯ ಬೆನ್ನು ‘ಅತಿಭಾರಾರೋಪಣ’ದ ವ್ಯಾಪ್ತಿಗೆ ಬರುತ್ತದೆಯೇ? ತಿಂಗಳು ಕಳೆದರೂ ಗುಮಾಸ್ತನ ಸಂಬಳ ತಡೆಹಿಡಿದಿದ್ದರೆ ಅದು ‘ಅನ್ನಪಾನನಿರೋಧ’ವಲ್ಲವೇ? ಬಸದಿಯ ಟ್ರಸ್ಟುಗಳ ಲೆಕ್ಕವನ್ನು ಪರಿಶೋಧಕರು ವೋಚರು ಸಹಿತ ಪರಿಶೀಲಿಸುತ್ತಾರೆ. ಆದರೆ ಪುರೋಹಿತರಿಗೆ, ಅಡಿಗೆಯವರಿಗೆ, ಅಂಗಳ ಗುಡಿಸುವವರಿಗೆ ಕೊಡುವ ವೇತನ ಅವರ ಸಂಸಾರಕ್ಕೆ ಸಾಲುತ್ತದೆಯೇ ಎಂಬ ಪ್ರಶ್ನೆಗೆ ಯಾವ ಪಟ್ಟಿಯಲ್ಲಿ ಸ್ಥಳವಿದೆ? ಕ್ಷಮಾವಾಣಿಯ ದಿನ ನೂರಾರು ಜನರಿಗೆ ಒಂದೇ ಬಗೆಯ ಸಂದೇಶ ಕಳುಹಿಸುವುದು ಇಂದಿನ ‘ಶಬ್ದಾಕುಲಿತ’ವಲ್ಲದೆ ಮತ್ತೇನು?

ಒಟ್ಟಿನಲ್ಲಿ ಫ್ರಾಂಕ್ಲಿನ್ನರ ವಾದವನ್ನು ತಿರಸ್ಕರಿಸಬೇಕಾಗಿಲ್ಲ, ಪೂರ್ತಿಗೊಳಿಸಬೇಕಾಗಿದೆ. ತಿಳಿದಿರುವ ದೋಷವನ್ನು ಕಡಮೆ ಮಾಡಲು ದಿನದ ಲೆಕ್ಕಕ್ಕಿಂತ ಉತ್ತಮ ಸಾಧನ ವಿರಳ. ತಿಳಿಯದ ದೋಷವನ್ನು ತಿಳಿಯಲು ಅದು ನಿರುಪಯುಕ್ತ. ಅದಕ್ಕೆ ಬೇರೆಯವರ ಕಣ್ಣು ಬೇಕು, ವಿಶೇಷವಾಗಿ ನಮ್ಮಿಂದ ನೋವುಣ್ಣಬಹುದಾದವರ ಕಣ್ಣು. ಬರೆದವನೇ ಪರಿಶೋಧಕನಾದ ಲೆಕ್ಕವನ್ನು ಯಾವ ಬ್ಯಾಂಕೂ ಒಪ್ಪುವುದಿಲ್ಲ. ಆತ್ಮನ ಲೆಕ್ಕಕ್ಕೆ ಮಾತ್ರ ನಾವು ಆ ರಿಯಾಯಿತಿ ಕೊಟ್ಟುಕೊಂಡಿದ್ದೇವೆ.

ಆದಕಾರಣ ಶ್ರಾವಕ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಮುಂದಿನ ಕ್ಷಮಾವಾಣಿಯಂದು ಸಮಾನಸ್ಕಂಧರಾದ ಸ್ನೇಹಿತರಿಗೆ ಕ್ಷಮೆ ಕೋರುವ ಮೊದಲು, ನಮ್ಮಲ್ಲಿ ದುಡಿಯುವವರಲ್ಲಿ ಒಬ್ಬಿಬ್ಬರನ್ನು ಕೂರಿಸಿಕೊಂಡು, ನಮ್ಮಿಂದ ನಿಮಗೆ ಏನು ತೊಂದರೆಯಾಗಿದೆ ಎಂದು ಕೇಳಿ, ಅವರು ಹೇಳಿ ಮುಗಿಸುವವರೆಗೆ ಸಮಜಾಯಿಷಿ ಕೊಡದೆ ಆಲಿಸೋಣ. ಅವರು ಹೇಳಿದ್ದನ್ನು ಬರೆದಿಟ್ಟುಕೊಂಡು, ಸಲ್ಲಬೇಕಾದದ್ದನ್ನು ಸಲ್ಲಿಸಿದ ದಿನಾಂಕವನ್ನೂ ಅದರ ಮುಂದೆಯೇ ಬರೆಯೋಣ.