2,728 ಚುಕ್ಕಿಗಳ ಸೊಗಸು

ಮೊದಲೇ ಹೇಳಿಬಿಡುತ್ತೇನೆ, ಹಿಗ್ಗಿಸಿ ನೋಡಬೇಡಿ. ಹಳೇ ಕಾಲದ ಸ್ವಂತ ಜಾಲತಾಣಗಳ ಅಡಿಯಲ್ಲಿ ಸಾಲಾಗಿ ಕೂತಿರುತ್ತಿದ್ದ ಆ ಪುಟಾಣಿ ಬಟನ್ನುಗಳ ಅಗಲ 88 ಪಿಕ್ಸೆಲ್, ಎತ್ತರ 31. ಗುಣಿಸಿದರೆ 2,728 ಚುಕ್ಕಿ. ಅವು ಇರುವಷ್ಟೇ ಗಾತ್ರದಲ್ಲಿ ಕಣ್ಣಿಗೆ ಬೀಳಲೆಂದು ಹುಟ್ಟಿದವು. ದೊಡ್ಡದು ಮಾಡಿದಿರೋ, ಬ್ರೌಸರ್ ಅಂಚುಗಳನ್ನೆಲ್ಲ ಕಲಸಿ ಅಂಬಲಿ ಮಾಡಿಬಿಡುತ್ತದೆ.

ಒಂದು ಬಟನ್ ಹಿಡಿದು ಕೂರೋಣ. ಮೇಲಂಚಿಗೂ ಎಡಕ್ಕೂ ಒಂದೇ ಪಿಕ್ಸೆಲ್ಲಿನ ತಿಳಿ ಗೆರೆ, ಕೆಳಗೂ ಬಲಕ್ಕೂ ಅಷ್ಟೇ ಸಣ್ಣ ಕಪ್ಪು ಗೆರೆ. ಇಷ್ಟರಿಂದಲೇ ಅದು ಪರದೆಯಿಂದ ಉಬ್ಬಿ ನಿಲ್ಲುತ್ತದೆ. ಎರಡನ್ನೂ ಅದಲುಬದಲು ಮಾಡಿ, ಒಳಕ್ಕೆ ಒತ್ತಿದಂತೆ ಕಾಣುತ್ತದೆ. ಆಮೇಲೆ ಅಕ್ಷರ ನೋಡಿ. ಇಂಗ್ಲಿಷಿನ ‘ಇ’ ಮೂರು ಚುಕ್ಕಿ ಅಗಲ, ಐದು ಚುಕ್ಕಿ ಎತ್ತರದಲ್ಲಿ ಸಲೀಸಾಗಿ ಕೂರುತ್ತದೆ, ಹನ್ನೊಂದು ಚುಕ್ಕಿ ಸಾಕು. ‘ಎಂ’ ಬಂದಾಗ ಕಸುಬಿನ ಪರೀಕ್ಷೆ. ಮೂರಂಕಣದಲ್ಲಿ ಅದು ಸಲೀಸಾಗಿ ಹಿಡಿಸುವುದಿಲ್ಲ, ಪಕ್ಕದವರ ಜಾಗಕ್ಕೆ ಕೈಚಾಚುತ್ತದೆ. ಬರೆದವರ ಕೈ ಪಳಗಿದೆಯೋ ಇಲ್ಲವೋ ಎಂದು ನಾನು ಅಳೆಯುವುದು ಅಲ್ಲೇ. ಎಳೆ ಎಣಿಸಿ ಕಸೂತಿ ಹಾಕಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಇವು ಬಹುಪಾಲು ಜಿಫ್ ಚಿತ್ರಗಳು. 1987ರಲ್ಲಿ ಕಂಪ್ಯೂಸರ್ವ್ ತಂದ ಈ ಬಗೆಯಲ್ಲಿ ಒಂದು ಚಿತ್ರಕ್ಕೆ ಸಾಮಾನ್ಯವಾಗಿ 256 ಬಣ್ಣವೇ ಮಿತಿ. ಪಾರದರ್ಶಕತೆಯಲ್ಲೂ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ, ನಡುವಿನದು ಯಾವುದೂ ಇಲ್ಲ. ಅದಕ್ಕೇ ಬಿಳಿ ಹಾಳೆಗೆಂದು ಮಾಡಿದ ಬೆಕ್ಕನ್ನು ಕಪ್ಪು ಪುಟಕ್ಕೆ ತಂದರೆ ಮೈ ಸುತ್ತ ಬಿಳಿ ಪುಡಿ ಮೆತ್ತಿಕೊಂಡಿರುತ್ತದೆ. ದೋಷ ಹೌದು, ಆದರೆ ಆ ಬೆಕ್ಕು ಬೇರೆ ಮನೆಯಿಂದ ಬಂದದ್ದು ಎಂದು ಹೇಳುವ ಗುರುತೂ ಅದೇ.

ಚಲನೆಗೆ ಬಂದರೆ, ನಿಲ್ಲದೆ ಮರಳಿ ಮರಳಿ ಆಡುವ ಗುಣವನ್ನು ಕೊಟ್ಟದ್ದು ನೆಟ್‌ಸ್ಕೇಪ್ ಬ್ರೌಸರಿನ ಎರಡನೇ ಆವೃತ್ತಿ. ‘ಕಾಮಗಾರಿ ನಡೆಯುತ್ತಿದೆ’ ಎಂದು ಸಾರಲು ಸಲಿಕೆ ಹಿಡಿದು ನಿಂತ ಆಳು ಆಗ ಎಲ್ಲ ಕಡೆ ಇದ್ದ. ಅಗೆದಷ್ಟೂ ಗುಂಡಿ ಆಳವಾಗುವುದಿಲ್ಲ, ಪುಟವೂ ಮುಗಿಯುವುದಿಲ್ಲ. (ನಮ್ಮೂರ ರಸ್ತೆ ನೆನಪಾದರೆ ನನ್ನ ತಪ್ಪಲ್ಲ.) ಕೊನೆಯ ಚಿತ್ರದಿಂದ ಮೊದಲನೆಯದಕ್ಕೆ ಜಿಗಿಯುವಾಗ ಕುಲುಕು ಕಂಡಿತೋ ಇಲ್ಲವೋ, ಅದನ್ನು ಗಮನಿಸಿ. ಪುಟದ ಭಾಗಗಳನ್ನು ಬೇರ್ಪಡಿಸಲು ಹಾಕುತ್ತಿದ್ದ ಕಾಮನಬಿಲ್ಲಿನ ಬಣ್ಣದ ಅಡ್ಡಗೆರೆಗಳನ್ನು ಮಾತ್ರ ನನಗೆ ಇವತ್ತಿಗೂ ಮೆಚ್ಚಲಾಗಿಲ್ಲ.

1994ರಲ್ಲಿ ಶುರುವಾಗಿ ಜನರಿಗೆ ಬಿಟ್ಟಿ ಜಾಗ ಕೊಟ್ಟ ಜಿಯೋಸಿಟೀಸ್ ಇವುಗಳ ತವರು. ಯಾಹೂ ಅದನ್ನು 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಕಾಲ ಮೀರುವ ಮೊದಲು ಉತ್ಸಾಹಿಗಳು ಬಾಚಿಕೊಂಡ ಪುಟಗಳಿಂದ ಹೆಕ್ಕಿದ ಜಿಫ್‌ಗಳು ಇಂಟರ್ನೆಟ್ ಆರ್ಕೈವ್‌ನ ಜಿಫ್‌ಸಿಟೀಸ್‌ನಲ್ಲಿವೆ. ಹೊಸದಾಗಿ ಬರೆಯುವವರು 2013ರಿಂದ ನಡೆಯುತ್ತಿರುವ ನಿಯೋಸಿಟೀಸ್‌ನಲ್ಲಿ ಸಿಗುತ್ತಾರೆ.

ಕನ್ನಡದಲ್ಲೂ ಮಾಡಿ ನೋಡಬಹುದು. ಐದು ಚುಕ್ಕಿ ಎತ್ತರದಲ್ಲಿ ‘ರಾಷ್ಟ್ರ’ ಬರೆಯುವ ಆಸೆ ಬಿಡಿ. ಎರಡು ಸಾಲಿನ ಲೋಭಕ್ಕೆ ಬೀಳದೆ 31ರಷ್ಟನ್ನೂ ಒಂದೇ ಸಾಲಿಗೆ ಕೊಟ್ಟರೆ ಒತ್ತಕ್ಷರಕ್ಕೆ ಕಾಲು ಚಾಚಲು ಜಾಗ ಸಿಗುತ್ತದೆ. ಇನ್ನೊಬ್ಬರ ಬಟನ್ ಹಿಡಿಸಿದರೆ ಅವರ ತಾಣದ ಕೊಂಡಿಯೊಂದಿಗೇ ಹಾಕಿಕೊಳ್ಳಿ. ಆದರೆ ಚಿತ್ರವನ್ನು ನಿಮ್ಮಲ್ಲೇ ಉಳಿಸಿಕೊಂಡು ತೋರಿಸಿ, ಪ್ರತಿ ಸಲ ಅವರ ಸರ್ವರಿನಿಂದ ಎಳೆಯಬೇಡಿ.